ಎಡಗಡೆ ನಿಂತವರು

ತಂಡದ ಹೆಸರುಗಳನ್ನು ಕಳಿಸುವ ಹಿಂದಿನ ದಿನದವರೆಗೂ ನನಗಿದ್ದ ಚಿಂತೆ ಒಂದೇ. ಸುರಪುರದ ಹುಡುಗಿಯನ್ನು ಇಟ್ಟುಕೊಳ್ಳಬೇಕೋ, ಮನೆಗೆ ಕಳಿಸಬೇಕೋ. ತಿಂಥಣಿಯ ಹುಡುಗಿಯ ಬಗ್ಗೆ ನಾನು ಯೋಚಿಸಿಯೂ ಇರಲಿಲ್ಲ. ಆಕೆ ತಂಡದಲ್ಲಿ ಇರುತ್ತಾಳೋ ಇಲ್ಲವೋ ಎಂದು ಯಾರೂ ಕೇಳಿರಲೂ ಇಲ್ಲ.

ರಾಜ್ಯದ ಮಹಿಳಾ ಕಬಡ್ಡಿ ಲೀಗಿಗೆ ನಮ್ಮ ಜಿಲ್ಲೆಯಿಂದ ಮೊದಲ ಸಲ ಒಂದು ತಂಡ ಹೊರಟಿತ್ತು. ಯಾದಗಿರಿಯಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲು ನಡೆಸುವವರೊಬ್ಬರು ಮಾಲೀಕರು, ನಾನು ತರಬೇತುದಾರಳು. ಸಂಬಳ ಕೊಟ್ಟು ಆಡಿಸುವುದು, ಬೆನ್ನ ಮೇಲೆ ಹೆಸರು ಬರೆದ ಅಂಗಿ ಕೊಡುವುದು, ಇದೆಲ್ಲ ನಮ್ಮ ಕಡೆಯ ಹುಡುಗಿಯರಿಗೆ ಹೊಸದು. ಶಿಬಿರಕ್ಕೆ ಹದಿನೆಂಟು ಮಂದಿ ಬಂದಿದ್ದರು. ಉಳಿಯುವವರು ಹನ್ನೆರಡು.

ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಶಹಾಪುರದಲ್ಲಿ ಒಂದು ಕಲ್ಯಾಣ ಮಂಟಪ ಸಿಕ್ಕಿತ್ತು. ದೊಡ್ಡ ಹಾಲಿನಲ್ಲಿ ಮ್ಯಾಟು ಹಾಸಿದೆವು. ಊಟದ ಹಾಲಿನಲ್ಲಿ ಊಟ, ಮೇಲಿನ ಕೋಣೆಗಳಲ್ಲಿ ನಿದ್ದೆ. ಮದುಮಗಳ ಕೋಣೆ ನನ್ನ ಆಫೀಸು. ಅಲ್ಲಿ ಗೋಡೆ ತುಂಬ ಒಂದು ಕನ್ನಡಿ ಇತ್ತು. ಯಾರನ್ನು ಕರೆದು ಬೈದರೂ ಬೈಯುವ ನನ್ನ ಮುಖ ನನಗೇ ಕಾಣುತ್ತಿತ್ತು.

ಶಿಬಿರದಲ್ಲಿ ನಾನು ಎಲ್ಲರನ್ನೂ ಊರ ಹೆಸರಿನಿಂದಲೇ ಕರೆಯುವುದು. ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ, ಊರು ಬೇರೆ ಬೇರೆ ಇರುತ್ತವೆ. ಹಾಗಾಗಿ ಇಲ್ಲಿಯೂ ಊರ ಹೆಸರೇ ಇರಲಿ.

ತಿಂಥಣಿ ನಮ್ಮ ಮೊದಲ ರೈಡರ್. ಕೃಷ್ಣಾ ದಂಡೆಯ ಮೀನುಗಾರರ ಮನೆಯವಳು. ತಂದೆಯ ಜೊತೆ ಹರಗೋಲಿನಲ್ಲಿ ನಿಂತು ಬಲೆ ಬೀಸಿ ಬೆಳೆದವಳು, ಅಲುಗಾಡುವ ನೆಲದ ಮೇಲೆ ಕಾಲು ಊರುವುದು ಆಕೆಗೆ ಯಾರೂ ಕಲಿಸಿದ್ದಲ್ಲ. ಎದುರಾಳಿ ಅಂಗಳದಲ್ಲಿ ಬೋನಸ್ ಗೆರೆಯ ತನಕ ಹೋಗಿ ಒಂದು ಕಾಲಿನ ಮೇಲೆ ತೂಗುತ್ತ ನಿಂತಳೆಂದರೆ, ಆಕೆ ಎಡಕ್ಕೆ ಬೀಳುತ್ತಾಳೋ ಬಲಕ್ಕೆ ಬೀಳುತ್ತಾಳೋ ಹೇಳಲು ಬರುತ್ತಿರಲಿಲ್ಲ. ಮಾಲೀಕರು ಯಾದಗಿರಿಯ ಸ್ಟೇಷನ್ನಿನಿಂದ ಸ್ಟೇಡಿಯಮ್ಮಿನ ತನಕ ಕಟ್ಟಿಸಿದ ಬ್ಯಾನರುಗಳಲ್ಲಿ ಆಕೆಯ ಫೋಟೋ ಇತ್ತು. ಲೀಗಿನ ಮೊದಲ ಪಂದ್ಯವೇ ನಮ್ಮ ಊರಲ್ಲಿ.

ದೋರನಹಳ್ಳಿಯೂ ರೈಡರ್. ಗಟ್ಟಿ ಹುಡುಗಿ, ಆದರೆ ರೈಡರುಗಳ ಸಾಲಿನಲ್ಲಿ ಐದನೆಯವಳು. ಹನ್ನೆರಡರಲ್ಲಿ ರೈಡರಿಗೆ ನಾಲ್ಕೇ ಜಾಗ. ಆಕೆಗೆ ಅದು ಗೊತ್ತಿತ್ತು.

ಸುರಪುರ ಬಲ ಕಾರ್ನರ್. ಹಿಡಿಯುವವರ ಸಾಲಿನಲ್ಲಿ ಬಲಗಡೆ ತುದಿಗೆ ನಿಂತು, ರೈಡರ್ ಹತ್ತಿರ ಬಂದಾಗ ಬಗ್ಗಿ ಪಾದದ ಗಂಟಿಗೆ ಕೈ ಹಾಕುವ ಕೆಲಸ. ಎದುರಿನಿಂದ ಬರುವ ರೈಡರಿಗೆ ಈಕೆ ಎಡಗಡೆ ಸಿಗುತ್ತಾಳೆ. ಬಲ ಕಾರ್ನರ್ ಎಂದರೆ ಉಸಿರಿನ ಸದ್ದೂ ಕೇಳಿಸಬಾರದು, ಅಷ್ಟು ಸುಮ್ಮನಿರಬೇಕು. ಮೊದಲ ಎರಡು ವಾರ ಸುರಪುರ ಹಾಗೆಯೇ ಇದ್ದಳು. ಆಕೆಯ ಕೈಗೆ ಬಿದ್ದ ಕಾಲು ಬಿಡಿಸಿಕೊಂಡು ಹೋದದ್ದು ನಾನು ಕಂಡಿರಲಿಲ್ಲ.

ಮೂರನೆಯ ವಾರ ಒಂದು ಸಂಜೆ ತಿಂಥಣಿಯನ್ನು ಹಿಡಿಯಲು ನಾಲ್ಕು ಜನ ಕೈಕೈ ಜೋಡಿಸಿಕೊಂಡು ಬಿದ್ದರು. ಗುಂಪಿನಡಿಯಿಂದ ಎದ್ದಾಗ ತಿಂಥಣಿ ಎಡಗಣ್ಣು ಮುಚ್ಚಿಕೊಂಡಿದ್ದಳು. ಯಾರದೋ ಬೆರಳು ತಾಗಿತ್ತು. ನಮ್ಮ ಫಿಜಿಯೋ, ಕಲಬುರಗಿಯ ಹುಡುಗಿ, ಟಾರ್ಚು ಬಿಟ್ಟು ನೋಡಿ ತೊಳೆಸಿ ಔಷಧಿ ಹಾಕಿದಳು. "ಕಾಣಸ್ತದೇನು?" ಎಂದು ನಾನು ಕೇಳಿದೆ. "ಕಾಣಸ್ತದ್ರಿ ಮೇಡಮ್" ಎಂದಳು ತಿಂಥಣಿ. ಎರಡು ದಿನಕ್ಕೆ ಕೆಂಪು ಇಳಿಯಿತು. ಕಬಡ್ಡಿಯಲ್ಲಿ ಬೆರಳು ತಾಗುವುದು, ತುಟಿ ಒಡೆಯುವುದು ದಿನದ ಮಾತು. ಮರೆತೆವು.

ಆಮೇಲೆ ಸುರಪುರದ ಆಟ ಕೆಟ್ಟಿತು. ತಿಂಥಣಿ ರೈಡಿಗೆ ಬಂದಾಗೆಲ್ಲ ಈಕೆ ತೊಡೆ ತಟ್ಟುತ್ತಿದ್ದಳು, ಕಾಲು ಬಡಿಯುತ್ತಿದ್ದಳು. ಒಮ್ಮೆ "ಹೋ" ಅಂತಲೂ ಕೂಗಿದಳು. ಕಾರ್ನರ್ ಎಲ್ಲಿದ್ದಾಳೆ ಎಂಬುದು ಸದ್ದಿನಿಂದಲೇ ರೈಡರಿಗೆ ತಿಳಿದು, ಸಿಗುವ ಕಾಲು ತಪ್ಪಿಹೋಗುತ್ತಿತ್ತು. ಕರೆದು ಕನ್ನಡಿಯ ಮುಂದೆ ನಿಲ್ಲಿಸಿ ಬೈದೆ.

"ನಿನ್ನ ಬಾಯಿ, ಕಾಲು ಎರಡೂ ಸುಮ್ ಇರಲ್ಲಲ್ಲ, ಏನ್ ಆಗ್ಯಾದ ನಿನಗ?"

"ತಪ್ಪಾತ್ರಿ."

"ನಾಳಿಂದ ಮತ್ತ ಹಿಂಗ ಮಾಡಿದ್ರ ಅಬ್ಬೆತುಮಕೂರಿನಾಕಿ ನಿನ್ನ ಜಾಗಾದಾಗ ನಿಂದರ್ತಾಳ."

"ಹೂಂನ್ರಿ."

ಮರುದಿನವೂ ಹಾಗೆಯೇ ಮಾಡಿದಳು. ಬೇರೆ ರೈಡರುಗಳು ಬಂದಾಗ ಸುಮ್ಮನಿರುತ್ತಿದ್ದಳು ಎಂಬುದನ್ನು ನಾನು ನೋಡಿದ್ದೆ. ಆದರೆ ಅದಕ್ಕೆ ನಾನು ಕೊಟ್ಟುಕೊಂಡ ಅರ್ಥ ಬೇರೆ: ತಿಂಥಣಿಯನ್ನು ಕಂಡರೆ ಈಕೆಗೆ ಅಂಜಿಕೆ. ದೊಡ್ಡ ರೈಡರನ್ನು ಕಂಡು ಅಂಜುವ ಕಾರ್ನರನ್ನು ಇಟ್ಟುಕೊಂಡು ಏನು ಮಾಡುವುದು? ಹನ್ನೆರಡನೆಯ ಜಾಗಕ್ಕೆ ಇನ್ನೊಬ್ಬ ಕಾರ್ನರ್ ಆಗಿದ್ದ ಅಬ್ಬೆತುಮಕೂರಿನವಳ ಹೆಸರನ್ನು ಮನಸ್ಸಿನಲ್ಲಿ ಮುಕ್ಕಾಲು ಪಾಲು ಗಟ್ಟಿ ಮಾಡಿದ್ದೆ.

ಹೆಸರು ಕಳಿಸುವ ಮೊದಲು ಹೊರಗಿನವರ ಜೊತೆ ಒಂದು ಪಂದ್ಯ ಆಡಿಸೋಣ ಎಂದು ಕಲಬುರಗಿಯ ಒಂದು ಕಾಲೇಜಿನ ತಂಡವನ್ನು ಕರೆಸಿದೆವು. ಮಾಲೀಕರೂ ಬಂದು ಕುರ್ಚಿ ಹಾಕಿಕೊಂಡು ಕುಳಿತರು. ಕಾಲೇಜಿನ ಹುಡುಗಿಯರು ನಮಗೆ ಸಮ ಅಲ್ಲ, ಸುಲಭವಾಗಿ ಗೆಲ್ಲುತ್ತೇವೆ ಎಂದುಕೊಂಡಿದ್ದೆ.

ತಿಂಥಣಿಯ ಮೊದಲ ರೈಡ್. ಮಧ್ಯದ ಗೆರೆ ದಾಟಿ ಒಳಗೆ ಹೋದಳು. ಅವರ ಬಲ ಕಾರ್ನರ್, ಆಗಷ್ಟೇ ಆಟ ಕಲಿತಂತಿದ್ದ ಸಣ್ಣ ಹುಡುಗಿ, ನಾಲ್ಕು ಹೆಜ್ಜೆ ಮುಂದೆ ಬಂದು ಬಗ್ಗಿ ಕಾಲು ಹಿಡಿದಳು. ತಿಂಥಣಿ ಸಿಕ್ಕಿಬಿದ್ದಳು. ಅವಸರ ಮಾಡಿದಳು ಎಂದುಕೊಂಡೆ. ಮುಂದಿನ ರೈಡಿನಲ್ಲಿ ಅದೇ ಹುಡುಗಿ, ಅದೇ ಕಾಲು. ಮೂರನೆಯ ಸಲ ನಡೆದದ್ದನ್ನು ನೋಡಿ ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಆ ಹುಡುಗಿ ಮುಚ್ಚುಮರೆಯಿಲ್ಲದೆ ನೆಟ್ಟಗೆ ನಡೆದುಬಂದು ತಿಂಥಣಿಯ ಎಡ ಭುಜದ ಪಕ್ಕ ನಿಂತಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಮುಟ್ಟಿ ಓಡಿಬಂದರೆ ಪುಕ್ಕಟೆ ಪಾಯಿಂಟು. ತಿಂಥಣಿ ಕಬಡ್ಡಿ ಕಬಡ್ಡಿ ಅನ್ನುತ್ತ ಬಲಗಡೆಗೇ ನೋಡುತ್ತ ನಿಂತಿದ್ದಳು. ಆ ಹುಡುಗಿಗೇ ಅನುಮಾನ ಬಂದು ಒಂದು ಕ್ಷಣ ತಡೆದು, ಆಮೇಲೆ ಸೊಂಟಕ್ಕೆ ಕೈ ಹಾಕಿ ಕೆಡವಿದಳು.

ಹಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು. ಮಾಲೀಕರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು, "ಮೇಡಮ್, ಆಕಿ ಬೇಕಂತನೇ ಸಿಗಾಕತ್ತಾಳೇನ್ರಿ? ಬ್ಯಾರೆ ತಂಡದವ್ರು ಯಾರರ ಮಾತಾಡ್ಸ್ಯಾರೇನು?"

"ಗೊತ್ತಿಲ್ರಿ" ಎಂದೆ. ನನಗೂ ಅದೇ ಹೊಳೆದಿತ್ತು. ನಮ್ಮಿಂದ ಹೊರಬಿದ್ದು ಬೇರೆ ಕಡೆ ಸೇರುವ ಲೆಕ್ಕವಿದ್ದರೆ, ಕೆಟ್ಟದಾಗಿ ಆಡಿ ತೋರಿಸುವುದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಪಂದ್ಯ ಮುಗಿದ ಮೇಲೆ ತಿಂಥಣಿಯನ್ನು ಮಾತಾಡಿಸಲೂ ಇಲ್ಲ. ಏನು ಅಂದುಬಿಡುತ್ತೇನೋ ಎಂದು ನನಗೇ ಹೆದರಿಕೆ.

ಮರುದಿನ ಬೆಳಗಿನ ಅಭ್ಯಾಸ ರದ್ದು ಮಾಡಿ ಫಿಜಿಯೋಳನ್ನು ಕರೆದು ಪಂದ್ಯದ ವಿಡಿಯೋ ಹಾಕಿಕೊಂಡು ಕುಳಿತೆ. ಬೇಕಂತಲೇ ಸಿಗುವವರನ್ನು ನಾನು ಬಲ್ಲೆ. ಹಿಡಿತ ಬೀಳುವ ಮೊದಲೇ ಅವರ ಮೈ ಸಡಿಲಾಗುತ್ತದೆ. ತಿಂಥಣಿಯದು ಹಾಗಿರಲಿಲ್ಲ. ಹಿಡಿತ ಬಿದ್ದಾಗ ಆಕೆಯ ಮೈ ಇಡಿಯಾಗಿ ಬೆಚ್ಚುತ್ತಿತ್ತು. ಮತ್ತೆ ಮತ್ತೆ ಹಿಂದಕ್ಕೆ ಹಾಕಿ ನೋಡಿದೆವು. ಎಡಕ್ಕೆ ಹೋಗುವ ಮೊದಲು ಪ್ರತಿ ಸಲ ಗದ್ದ ಭುಜಕ್ಕೆ ತಾಗುವಷ್ಟು ಪೂರ್ತಿ ಮುಖ ತಿರುಗಿಸುತ್ತಿದ್ದಳು. ತಿರುಗಿಸದೇ ಇದ್ದಾಗ ಸಿಗುತ್ತಿದ್ದಳು. ಶಿಬಿರದ ಮೊದಲ ವಾರದ ವಿಡಿಯೋ ತೆಗೆದೆವು. ಅಲ್ಲಿ ಕತ್ತು ಅಲುಗಾಡುತ್ತಲೇ ಇರಲಿಲ್ಲ, ಕಣ್ಣುಗಳಷ್ಟೇ ಸರಿಯುತ್ತಿದ್ದವು.

"ಮೇಡಮ್" ಎಂದಳು ಫಿಜಿಯೋ. "ಆವತ್ತ ಬೆರಳು ತಾಗಿತ್ತಲ್ಲ, ಅದು ಎಡಗಣ್ಣು."

ನಾನು ಎದ್ದು ಊಟದ ಹಾಲಿಗೆ ನಡೆದೆ.

ಹುಡುಗಿಯರು ನೆಲದ ಮೇಲೆ ಸಾಲಾಗಿ ಕುಳಿತು ಚುರುಮುರಿಯ ಸುಸಲಾ ತಿನ್ನುತ್ತಿದ್ದರು. ತಿಂಥಣಿಯ ಎಡಗಡೆ ದೋರನಹಳ್ಳಿ ಕುಳಿತಿದ್ದಳು. ಆಗ ನೆನಪಾಯಿತು, ಕೆಲವು ದಿನಗಳಿಂದ ಊಟಕ್ಕೆ, ವಾರ್ಮ್ ಅಪ್ ಓಟಕ್ಕೆ, ವ್ಯಾನಿನ ಸೀಟಿಗೆ, ಆಕೆ ಯಾವಾಗಲೂ ಆ ಕಡೆಗೇ ಇರುತ್ತಿದ್ದಳು. ನಾನು ಸದ್ದು ಮಾಡದೆ ಹೋಗಿ, ಏಳು ಎಂದು ದೋರನಹಳ್ಳಿಗೆ ಕೈಸನ್ನೆ ಮಾಡಿದೆ. ಆಕೆಯ ಮುಖ ಬಿಳಚಿಕೊಂಡಿತು. ಎದ್ದಳು. ಆ ಜಾಗದಲ್ಲಿ ನಾನು ಕುಳಿತೆ.

ತಿಂಥಣಿ ತಟ್ಟೆ ನೋಡುತ್ತ ತಿನ್ನುತ್ತಿದ್ದಳು. ಎಡಗೈ ನನ್ನ ಕಡೆ ಚಾಚಿ, "ನೀರ್ ಕೊಡು" ಎಂದಳು. ಲೋಟ ಕೊಟ್ಟೆ. ಕುಡಿದು ಕೆಳಗಿಟ್ಟಳು.

"ಮೇಡಮ್ ನಿನ್ನಿಯಿಂದ ನನ್ನ ಮಾತಾಡ್ಸಿಲ್ಲ ನೋಡು. ಬಾಳ ಸಿಟ್ಟಿಗಿ ಬಂದಾಳ. ಇವತ್ತೊಂದ ದಿನ ದಾಟಿದ್ರ ಸಾಕು, ಹೆಸರು ಹೋಗಿಬಿಡ್ತಾವ. ಆಮ್ಯಾಲ ನೋಡ್ಕೊಳಮು."

ನಾನು ಆಕೆಯ ಎಡಗೆನ್ನೆಯ ಪಕ್ಕ ಅಂಗೈ ಹಿಡಿದೆ. ಒಂದು ಗೇಣು ದೂರ. ಬೆರಳು ಆಡಿಸಿದೆ. ಆಕೆ ಇನ್ನೊಂದು ತುತ್ತು ತಿಂದಳು.

ಇಡೀ ಹಾಲು ಸುಮ್ಮನಾಗಿತ್ತು. ನನ್ನನ್ನು ನಡುಗಿಸಿದ್ದು ಆಕೆಗೆ ನನ್ನ ಕೈ ಕಾಣದ್ದಲ್ಲ. ತಲೆ ಎತ್ತಿ ನೋಡಿದರೆ ಅಷ್ಟೂ ಹುಡುಗಿಯರು ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು, ಒಬ್ಬರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಒಂದೇ ಸೂರಿನ ಕೆಳಗೆ, ದಿನವಿಡೀ ನೋಡುವುದೇ ಕೆಲಸವಾಗಿದ್ದ ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

ಆ ಮೌನ ತಿಂಥಣಿಗೂ ತಾಗಿತು. ನಿಧಾನಕ್ಕೆ, ವಿಡಿಯೋದಲ್ಲಿ ಕಂಡ ಹಾಗೆಯೇ, ಗದ್ದ ಭುಜಕ್ಕೆ ತಾಗುವಂತೆ ಪೂರ್ತಿ ಮುಖ ತಿರುಗಿಸಿ ನನ್ನನ್ನು ನೋಡಿದಳು. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಎಷ್ಟ್ ಕಾಣಸ್ತದ?" ಎಂದು ಕೇಳಿದೆ.

"ನೆಟ್ಟಗ ಕಾಣಸ್ತದ್ರಿ. ಎಡಗಡಿ ಅಷ್ಟ್ ಇಲ್ಲ."

"ಯಾವಾಗಿಂದ?"

"ಮೊದಲ ಮಿಂಚಿದಂಗ ಆಗ್ತಿತ್ರಿ. ಆಮ್ಯಾಲ ಕರಿ ಪರದಾ ಬಂದಂಗ ಆತು. ದಿನಾ ಜರಾ ಜರಾ ಒಳಗ ಬರಾಕತ್ಯದ."

ಹಿಂದಿನಿಂದ ಯಾರೋ ಬಿಕ್ಕಿದ ಸದ್ದು. ಸುರಪುರದ ಹುಡುಗಿ ಎದ್ದು ನಿಂತಿದ್ದಳು. "ನನ್ನ ಬೆರಳ್ರಿ ಮೇಡಮ್" ಎಂದಳು. "ತಾಗಿದ್ದು ನನ್ನ ಬೆರಳು. ಅದಕ್ಕ ಸಪ್ಪಳ ಮಾಡ್ತಿದ್ದೆ. ನಾ ಎಲ್ಲಿದೀನಿ ಅಂತ ಆಕಿಗಿ ತಿಳೀಲಿ ಅಂತ."

ಹೊರಬೀಳುತ್ತೀಯ ಎಂದು ನಾನು ಹೆದರಿಸಿದ ಮೇಲೂ ಆಕೆ ಕಾಲು ಬಡಿಯುವುದನ್ನು ಬಿಟ್ಟಿರಲಿಲ್ಲ. ಅದು ಅಂಜಿಕೆ ಎಂದು ನಾನು ತಿಳಿದಿದ್ದೆ.

ದೋರನಹಳ್ಳಿಯ ಕಡೆ ತಿರುಗಿದೆ. "ನೀ ಯಾಕ ಹೇಳ್ಲಿಲ್ಲ? ಹೇಳಿದ್ರ ಆಕಿ ಹೋಗ್ತಿದ್ಲು, ನಿನಗ ಜಾಗ ಸಿಗ್ತಿತ್ತು. ನಿನಗ ಗೊತ್ತಿತ್ತಿಲ್ಲ ಅದು?"

"ಗೊತ್ತಿತ್ರಿ" ಎಂದಳು. "ಅದಕ್ಕ ಹೇಳ್ಲಿಲ್ರಿ. ದಿನಾ ಬೆಳಿಗ್ಗಿ ಹೇಳಬೇಕು ಅಂತ ನಿಮ್ಮ ಕ್ವಾಣಿ ಬಾಗಿಲ ತನಕ ಬರ್ತಿದ್ದೆ. ಜಾಗದ ಆಸಿಗಿ ಹೇಳ್ಯಾಳ ಅಂತಾರ ಅಂತ ತಿರುಗಿ ಹೋಗ್ತಿದ್ದೆ. ಆಕಿ ಬ್ಯಾರೆ ತಮ್ಮೂರ ದೇವ್ರು ಮೌನಪ್ಪನ ಆಣಿ ಹಾಕ್ಸಿದ್ಲು."

ಫಿಜಿಯೋ ಆಗಲೇ ವ್ಯಾನು ಹೊರಡಿಸಿದ್ದಳು.

ತಿಂಥಣಿ, ಫಿಜಿಯೋ, ನಾನು, ಮೂವರೇ ಹೊರಟದ್ದು. ಬಾಗಿಲು ಹಾಕುವಾಗ ದೋರನಹಳ್ಳಿ ಓಡಿಬಂದು ತಿಂಥಣಿಯ ಎಡಗಡೆ ಹತ್ತಿ ಕುಳಿತಳು. ನಾನು ಇಳಿಸಲಿಲ್ಲ.

ಯಾದಗಿರಿಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾಗುವ ತನಕ ಕೂರಿಸಿ, ಆಮೇಲೆ ಬಹಳ ಹೊತ್ತು ನೋಡಿದರು. ನಾನು ಆಕೆಯ ಹಿಂದೆ ನಿಂತು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ. ಅವರು ದೀಪ ಆರಿಸಿದರು.

"ಕಣ್ಣಿನ ಹಿಂದಿನ ಪರದೆ ಬಿಟ್ಟುಬಿಟ್ಟದ" ಎಂದರು. "ಒಂದ್ ಕಡಿಯಿಂದ ಗ್ವಾಡಿ ಪದರು ಕಿತ್ತು ಬಂದಂಗ ಬರಾಕತ್ಯದ. ನಡು ಭಾಗ ಇನ್ನೂ ಹಿಡ್ಕೊಂಡದ. ಅದು ಬಿಟ್ರ ಈ ಕಣ್ಣು ಹೋತು. ಇವತ್ತೇ ಕಲಬುರಗಿಗಿ ಒಯ್ಯಿರಿ, ನಾ ಫೋನ್ ಮಾಡ್ತೀನಿ. ಮೆಟ್ಟಲಾ ಇಳಿಯೂವಾಗೂ ಹುಷಾರ್, ಮೈ ಕುಲುಕಿ ಗುದಕು ಆಗಬಾರದು."

"ನಿನ್ನೆ ಪಂದ್ಯ ಆಡ್ಯಾಳ್ರಿ" ಎಂದೆ.

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಬಡ್ಡಿ? ಈ ಕಣ್ಣಿನಿಂದ?" ಮುಂದೆ ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೊರಗೆ ಬಂದು ಮಾಲೀಕರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಮೊದಲು ಅಂದದ್ದು, "ಮೇಡಮ್, ಊರ ತುಂಬ ಆಕಿ ಫೋಟೋನೇ ಹಚ್ಚೀನಿ. ಮೊದಲ ಮ್ಯಾಚ್ ಒಂದ್ ಆಡ್ಲಿ, ಆಮ್ಯಾಲ ಎಲ್ಲಿಗಿ ಬೇಕಾದ್ರೂ ಒಯ್ಯಮು. ಒಂದ್ ಮ್ಯಾಚಿಗಿ ಏನಾಗ್ತದ?"

ನಾನು ವಾದ ಮಾಡಲಿಲ್ಲ. ಮತ್ತೆ ಒಳಗೆ ಹೋಗಿ ಫೋನನ್ನು ಡಾಕ್ಟರ ಕೈಗೆ ಕೊಟ್ಟೆ. ಅವರು ನನಗೆ ಹೇಳಿದ್ದನ್ನೇ ಹೇಳಿ ವಾಪಸು ಕೊಟ್ಟರು. ಆಮೇಲೆ ಮಾಲೀಕರು, "ವ್ಯಾನಿನಾಗ ಬ್ಯಾಡ್ರಿ, ಅದು ಬಾಳ ಎತ್ತಿ ಹಾಕ್ತದ. ನನ್ನ ಕಾರು ಕಳಸ್ತೀನಿ, ಅಲ್ಲೇ ನಿಂದರ್ರಿ" ಎಂದರು.

ಕಾರು ಬಂತು. ತಿಂಥಣಿ ಹತ್ತಲಿಲ್ಲ.

ದವಾಖಾನೆಯ ಮುಂದೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಪಾಪೆ ಅಗಲವಾಗಿದ್ದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು, ಓಢಣಿಯನ್ನು ಹಣೆಯ ತನಕ ಎಳೆದುಕೊಂಡಿದ್ದಳು. "ನನ್ನ ಹೆಸರು ಹಾಕಿ ಕಳಸ್ರಿ. ಆಮ್ಯಾಲ ಎಲ್ಲಿಗಂದ್ರ ಅಲ್ಲಿಗಿ ಬರ್ತೀನಿ."

"ನೋಡವಾ, ಹೆಸರು ಹಾಕಬೇಕಂದ್ರ ನೀ ಗಟ್ಟಿ ಅದಿ ಅಂತ ನಾ ಸಹಿ ಮಾಡಬೇಕು."

"ಮಾಡ್ರಿ. ಇಷ್ಟ ದಿನ ಇದೇ ಕಣ್ಣಿಲೇ ಆಡಿಲ್ಲೇನು? ನಿಮ್ಮ ಶಿಬಿರದಾಗ ನನ್ನಕಿಂತ ಜಾಸ್ತಿ ಪಾಯಿಂಟ್ ಯಾರ್ ತಂದಾರ, ಹೇಳ್ರಿ."

ಯಾರೂ ತಂದಿರಲಿಲ್ಲ. ಎಡಗಡೆ ಕತ್ತಲೆ ಇಟ್ಟುಕೊಂಡು, ಸದ್ದು ಕೇಳಿ, ಕಾಲಿನ ಅಂದಾಜಿನ ಮೇಲೆ ಆಡಿಯೂ ಆಕೆಯೇ ಎಲ್ಲರಿಗಿಂತ ಮುಂದೆ ಇದ್ದಳು. ಅದನ್ನು ಸುಳ್ಳು ಎನ್ನಲು ಬರುವುದಿಲ್ಲ. ನಮ್ಮ ಹುಡುಗಿಯರು ದಾರಿ ಮಾಡಿಕೊಟ್ಟರು ನಿಜ, ಆದರೆ ಆಡಿದ್ದು ಆಕೆಯೇ.

ಫಿಜಿಯೋ ನನ್ನನ್ನು ಬದಿಗೆ ಕರೆದಳು. "ಮೇಡಮ್, ಹಾಕೀನಿ ಅಂತ ಹೇಳಿ ಕಾರಿನಾಗ ಕೂಡ್ಸಿಬಿಡ್ರಿ. ಆಪರೇಷನ್ ಆದ ಮ್ಯಾಲ ತಿಳದ್ರ ತಿಳೀಲಿ." ಅದು ಸುಲಭವಿತ್ತು. ಹೊತ್ತೂ ಉಳಿಯುತ್ತಿತ್ತು. ಒಂದು ಮಾತು ಅಷ್ಟೇ.

ನನಗೆ ಆ ಊಟದ ಹಾಲು ಕಣ್ಣ ಮುಂದೆ ಬಂತು. ಅಷ್ಟು ಜನ ಸೇರಿ ಒಳ್ಳೆಯದಕ್ಕೇ ಎಂದುಕೊಂಡು ನನಗೆ ಒಂದು ಸುಳ್ಳು ಹೇಳಿದ್ದರು. ಅದರಿಂದ ಒಂದು ಕಣ್ಣು ಹೋಗುವ ತನಕ ಬಂದಿತ್ತು. ಈಗ ಅದಕ್ಕೆ ನನ್ನದೂ ಒಂದು ಸೇರಿಸುವುದು ಬೇಡವೆನ್ನಿಸಿತು.

ಕಟ್ಟೆಯ ಮೇಲೆ ಆಕೆಯ ಪಕ್ಕ ಕುಳಿತು ಫೋನ್ ತೆಗೆದೆ. ಲೀಗಿನವರಿಗೆ ಕಳಿಸಬೇಕಾದ ಹೆಸರುಗಳನ್ನು ಅಲ್ಲಿಯೇ ಬೆರಳಿನಿಂದ ಒತ್ತಿದೆ. ರೈಡರುಗಳ ಮೊದಲ ಹೆಸರು ಅಳಿಸಿ, ಉಳಿದ ಮೂವರನ್ನು ಒಂದೊಂದು ಜಾಗ ಮೇಲೆ ಸರಿಸಿ, ನಾಲ್ಕನೆಯದಾಗಿ ದೋರನಹಳ್ಳಿಯ ಹೆಸರು ಬರೆದೆ. ಬಲ ಕಾರ್ನರ್ ಹತ್ತಿರ ಬಂದಾಗ ಕೈ ನಿಂತಿತು. ಅಬ್ಬೆತುಮಕೂರಿನವಳು ತನ್ನ ತಪ್ಪೇನೂ ಇಲ್ಲದೆ ಮನೆಗೆ ಹೋಗುತ್ತಾಳೆ. ಆದರೆ ಸದ್ದು ಮಾಡದೆ ಆಡಿದ ದಿನಗಳಲ್ಲಿ ಸುರಪುರದವಳಷ್ಟು ಒಳ್ಳೆಯ ಕಾರ್ನರ್ ನನ್ನ ಬಳಿ ಇರಲಿಲ್ಲ. ಸುರಪುರದವಳ ಹೆಸರು ಬರೆದೆ. ಕಳಿಸಿದೆ.

"ಹೋತು" ಎಂದೆ. "ನಿನ್ನ ಹೆಸರು ಇಲ್ಲ."

ಆಕೆ ನಂಬಲಿಲ್ಲ. ಫೋನ್ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು. ಹನಿ ಹಾಕಿದ ಕಣ್ಣಿಗೆ ಅಕ್ಷರ ಹತ್ತಲಿಲ್ಲ. ನನ್ನ ಕೈಗೂ ಕೊಡದೆ, ಫಿಜಿಯೋಳಿಗೂ ಕೊಡದೆ, ದೋರನಹಳ್ಳಿಯ ಕಡೆ ಚಾಚಿದಳು.

"ನೀ ಓದು."

"ಬ್ಯಾಡ" ಎಂದಳು ದೋರನಹಳ್ಳಿ.

"ಓದಂದ್ರ ಓದು."

ದೋರನಹಳ್ಳಿ ನಿಂತುಕೊಂಡೇ ಓದಿದಳು. ಒಂದು ಹೆಸರು, ಎರಡು, ಮೂರು. ನಾಲ್ಕನೆಯದಕ್ಕೆ ಬಂದು ನಿಂತಳು. ರಸ್ತೆಯಲ್ಲಿ ಟಂಟಂ ಆಟೋ ಒಂದು ಸದ್ದು ಮಾಡುತ್ತ ಹೋಯಿತು.

"ಯಾಕ ನಿಂತಿ?" ಎಂದಳು ತಿಂಥಣಿ. "ನಿನ್ನ ಹೆಸರಾ?"

"ಹೂಂ."

"ಹಂಗಾರ ಜೋರ್ಲೆ ಓದು."

ದೋರನಹಳ್ಳಿ ತನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಓದಿದಳು. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಮುಂದಿನ ಎಂಟು ಹೆಸರುಗಳನ್ನೂ ಓದಿದಳು. ಮುಗಿದ ಮೇಲೂ ತಿಂಥಣಿ ಇನ್ನೊಂದು ಹೆಸರಿದೆ ಎನ್ನುವ ಹಾಗೆ ಕಿವಿ ಕೊಟ್ಟು ಕುಳಿತೇ ಇದ್ದಳು. ಆಮೇಲೆ ಎದ್ದು, ನಾನು ಚಾಚಿದ ಕೈ ಹಿಡಿಯದೆ, ದೋರನಹಳ್ಳಿಯ ಭುಜ ಹಿಡಿದುಕೊಂಡು ಕಾರು ಹತ್ತಿದಳು. ಕಲಬುರಗಿಯ ತನಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಅಂದೇ ಸಂಜೆ ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ, ಆ ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಆಕೆ ಮುಖ ಕೆಳಗೆ ಮಾಡಿಯೇ ಇರಬೇಕು, ಮಲಗಿದರೂ ಕುಳಿತರೂ, ಎಂದು ಹೇಳಿದರು. ಊರಿನಿಂದ ಆಕೆಯ ತಾಯಿ ಬಂದರು. ಬಂದವರು ನನ್ನನ್ನು ಬೈಯಬಹುದು ಎಂದು ತಯಾರಾಗಿ ನಿಂತಿದ್ದೆ. ಅವರು ಬೈಯಲಿಲ್ಲ. "ಫೋನ್ ಮಾಡ್ದಾಗೆಲ್ಲ ಚಂದ ಅದೀನಿ ಅಂದಳ್ರಿ, ನಗಾಡ್ಕೋತ ಮಾತಾಡ್ತಿದ್ಲು" ಎಂದರು. ಅದನ್ನೇ ನಾಲ್ಕಾರು ಸಲ ಹೇಳಿದರು.

ನಾನು ಶಹಾಪುರಕ್ಕೆ ಮರಳಿದೆ. ಸುರಪುರದ ಹುಡುಗಿ ಮಂಟಪದ ಮೆಟ್ಟಿಲ ಮೇಲೆ ಬ್ಯಾಗು ಕಟ್ಟಿಕೊಂಡು ಕುಳಿತಿದ್ದಳು.

"ನನ್ನ ಹೆಸರು ತಗೀರಿ ಮೇಡಮ್. ನಾ ಇನ್ನ ಯಾರ ಕಾಲೂ ಹಿಡಿಯಂಗಿಲ್ಲ. ಕೈ ಮುಂದ ಹೋಗವಲ್ದು."

"ಹೆಸರು ಹೋಗ್ಯಾವ. ತಗಿಯಾಕ ಬರಂಗಿಲ್ಲ" ಎಂದೆ. "ಬ್ಯಾಗ್ ಬಿಚ್ಚು. ನಾಳಿ ಬೆಳಿಗ್ಗಿ ದೋರನಹಳ್ಳಿ ರೈಡಿಗಿ ಬರ್ತಾಳ, ಆಕಿ ಕಾಲಿಂದ ಚಾಲೂ ಮಾಡು. ಸಪ್ಪಳ ಮಾಡಬ್ಯಾಡ."

ಆಕೆ ಬ್ಯಾಗು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಅಬ್ಬೆತುಮಕೂರಿನ ಹುಡುಗಿಯನ್ನು ಮದುಮಗಳ ಕೋಣೆಗೆ ಕರೆದು ವಿಷಯ ಹೇಳಿದೆ. ಆಕೆ ತಲೆ ಆಡಿಸಿ, ಹೋಗುವ ಮೊದಲು ಒಂದೇ ಪ್ರಶ್ನೆ ಕೇಳಿದಳು: "ಆಕಿ ಕಣ್ಣು ಉಳೀತದೇನ್ರಿ?" ತಿಂಥಣಿಯನ್ನು ಬಿಟ್ಟು ಹೊರಬಿದ್ದ ಐದು ಮಂದಿಯಲ್ಲಿ ಯಾರೂ ತಮ್ಮ ಬಗ್ಗೆ ಏನೂ ಕೇಳಲಿಲ್ಲ. ಅಳುತ್ತಾರೆ, ಜಗಳ ತೆಗೆಯುತ್ತಾರೆ ಎಂದು ನಾನು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವು ಯಾವೂ ಬೇಕಾಗಲಿಲ್ಲ.

ಮೊದಲ ಪಂದ್ಯ ಸೋತೆವು. ಸ್ವಲ್ಪದರಲ್ಲೇ ಸೋತೆವು, ಆದರೆ ಸೋಲು ಸೋಲೇ. ಬ್ಯಾನರುಗಳಲ್ಲಿ ಇರುವ ಹುಡುಗಿ ಎಲ್ಲಿ ಎಂದು ಜನ ಮೊದಲರ್ಧ ಕೂಗುತ್ತಲೇ ಇದ್ದರು. ದೋರನಹಳ್ಳಿ ಎರಡು ಸಲ ಸಿಕ್ಕಿಬಿದ್ದು, ಮೂರನೆಯ ಸಲ ಮೂವರನ್ನು ಮುಟ್ಟಿ 'ಕಬಡ್ಡಿ' ಮುರಿಯದೆ ಓಡಿಬಂದಳು. ಸುರಪುರದವಳು ಮೊದಲರ್ಧ ಪೂರ್ತಿ ಕೈ ಮುಂದೆ ಮಾಡಲಿಲ್ಲ. ಎರಡನೆಯ ಅರ್ಧದಲ್ಲಿ ಒಂದು ಕಾಲು ಹಿಡಿದಳು. ಆ ರೈಡರನ್ನು ಕೈಕೊಟ್ಟು ಎಬ್ಬಿಸಿ, ಆಕೆಯ ಮುಖ ಎತ್ತಿ ಎರಡೂ ಕಣ್ಣು ನೋಡಿ ಬಿಟ್ಟಳು. ರೆಫರಿಗೆ ಏನೂ ಅರ್ಥವಾಗಲಿಲ್ಲ.

ಮರುದಿನ ಕಲಬುರಗಿಗೆ ಹೋದೆ. ಆಪರೇಷನ್ ಮಾಡಿದ ಡಾಕ್ಟರು ಬಾಗಿಲಲ್ಲೇ ಸಿಕ್ಕರು. ನಡುವಿನ ನೋಟ ಉಳಿದಿದೆ, ಎಡಬದಿಯದು ಸ್ವಲ್ಪ ಬರಬಹುದು, ಪೂರ್ತಿ ಬರುವುದಿಲ್ಲ ಎಂದರು. "ಆಟ?" ಎಂದೆ. "ಅದು ಮುಗೀತ್ರಿ. ಆಕಿಗಿ ಹೇಳೀನಿ."

ತಿಂಥಣಿ ಮಂಚದ ತುದಿಗೆ ಕುಳಿತು, ಮುಂದಿನ ಮೇಜಿನ ಮೇಲೆ ದಿಂಬು ಇಟ್ಟು, ಅದರ ಮೇಲೆ ಹಣೆ ಊರಿ ನೆಲ ನೋಡುತ್ತಿದ್ದಳು. ತಾಯಿ ಚಹಾ ತರಲು ಹೋಗಿದ್ದರು. ನಾನು ಬಂದದ್ದು ಆಕೆಗೆ ಚಪ್ಪಲಿಯಿಂದ ಗೊತ್ತಾಗಿರಬೇಕು. ನಿಂತುಕೊಂಡರೆ ನನಗೆ ಆಕೆಯ ಬೆನ್ನಷ್ಟೇ ಕಾಣುತ್ತಿತ್ತು. ಕುರ್ಚಿಯಲ್ಲಿ ಕುಳಿತರೂ ಮುಖ ಕಾಣಲಿಲ್ಲ. ಕೊನೆಗೆ ನೆಲದ ಮೇಲೆ ಕುಳಿತು, ಮೇಜಿನ ಕೆಳಗೆ ಸರಿದು, ಮೇಲೆ ನೋಡಿದೆ. ಆಗ ಸಿಕ್ಕಿತು ಮುಖ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ನನ್ನನ್ನೇ ನೋಡುತ್ತಿತ್ತು.

"ಸೋತ್ರಂತ" ಎಂದಳು.

"ಹೂಂ."

"ಆಕಿ ಒಂದ್ ರೈಡಿನಾಗ ಮೂರ್ ಮಂದಿನ್ನ ಹೊಡದ್ಳಂತ. ಫೋನ್ ಮಾಡಿದ್ಲು."

"ಹೌದು."

ಹೊರಗೆ ವಾರ್ಡಿನಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು.

"ನಿಮ್ಮ ಮ್ಯಾಲ ನನಗ ಬಾಳ ಸಿಟ್ಟದ ಮೇಡಮ್."

"ಇರ್ಲಿ."

"ಈಗೇನ್ ಹೋಗಂಗಿಲ್ಲ ಅದು."

"ಹೋಗದಿದ್ರ ಇರ್ಲಿ" ಎಂದು ಮೇಜಿನ ಕೆಳಗಿನಿಂದ ಹೊರಗೆ ಸರಿಯಲು ಕೈ ಊರಿದೆ. ಇನ್ನು ಎದ್ದು ಹೋಗುವುದೇ ಒಳ್ಳೆಯದು ಎನ್ನಿಸಿತ್ತು.

"ಎಲ್ಲಿಗಿ ಹೊಂಟ್ರಿ?" ಎಂದಳು. "ಸಿಟ್ಟದ ಅಂದೆ, ಹೋಗ್ರಿ ಅಂದಿಲ್ಲ. ಇಡೀ ದಿನ ಈ ನೆಲದ ಫರಸಿ ನೋಡಿ ನೋಡಿ ಸಾಕಾಗ್ಯದ. ಅಲ್ಲೇ ಕುಂದರ್ರಿ."

ನಾನು ಮತ್ತೆ ಕೆಳಗೆ ಸರಿದು ಕುಳಿತೆ. ತಾಯಿ ಚಹಾ ತಂದಾಗ ನನ್ನ ಲೋಟವನ್ನು ಮೇಜಿನ ಕೆಳಗೇ ಕೊಟ್ಟರು.